ತೊಡುವ ಜೋಡು

ಕೋಳಿವಾಡದಲ್ಲಿ ಹುಟ್ಟಿ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಹಾಡಿದ ಕುಮಾರವ್ಯಾಸನ ಷಟ್ಪದಿಗಳನ್ನು ಮೂವತ್ತು ವರ್ಷ ಪಾಠ ಹೇಳಿದವನಾದ ನನಗೆ ಜೋಡು ಎಂದರೆ ಕವಚ, ಸೀಸಕವೆಂದರೆ ಶಿರಸ್ತ್ರಾಣ, ಹಕ್ಕರಿಕೆಯೆಂದರೆ ಕುದುರೆಯ ಮೈಗಾವಲು ಎಂಬ ಅರ್ಥಗಳು ನಾಲಗೆಯ ತುದಿಯಲ್ಲಿಯೇ ಇದ್ದುವು; ಆದರೆ ಹುಬ್ಬಳ್ಳಿಯ ದುರ್ಗದ ಬೈಲಿಗೆ ಹತ್ತಿದ ಓಣಿಯೊಂದರಲ್ಲಿ, ಚರ್ಮದ ಕೆಲಸದಲ್ಲಿಯೇ ತಲೆ ನರೆತಿದ್ದ ಹಿರಿಯರೊಬ್ಬರ ಮುಂದೆ ನಿಂತು, "ನನಗೊಂದು ಜೋಡು ಮಾಡಿಕೊಡಬೇಕಲ್ಲ, ಹಳೆಯ ಕಾಲದ್ದು" ಎಂದು ಕೇಳಿದಾಗ ಅವರು ನನ್ನ ಮುಖವನ್ನು ನೋಡದೆ ಪಾದಗಳನ್ನು ನೋಡಿ, "ಎಷ್ಟ ನಂಬರ್ರಿ?" ಎಂದರು. ಕನ್ನಡದ ಒಂದು ಶಬ್ದವು ಕೆಲವು ಶತಮಾನಗಳಲ್ಲಿ ಎದೆಯಿಂದ ಜಾರಿ ಅಂಗಾಲಿಗೆ ಬಂದುದರ ಸೋಜಿಗವನ್ನು ಸವಿಯುವ ಸ್ಥಿತಿಯಲ್ಲಿ ಆಗ ನಾನಿರಲಿಲ್ಲ. ನಾಟಕಕ್ಕೆ ಐದು ತಿಂಗಳು ಉಳಿದಿದ್ದುವು. ಸಮಿತಿಯವರು ಕೊಟ್ಟ ಹಣದಲ್ಲಿ ಮೂರರಲ್ಲೊಂದು ಪಾಲನ್ನು ನಾನು ಆಗಲೇ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಕಿವುಚಿ ಮುಗಿಸಿದ್ದೆನು.

ಕವಚ ಮಾಡಿಸುವ ಈ ಹೊಣೆ ನನ್ನ ಕೊರಳಿಗೆ ಬಿದ್ದುದು ನನ್ನ ಬಾಯಿಯ ದೆಸೆಯಿಂದ. ನಾನು ಪಾಠ ಹೇಳಿದ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ವಿಜಯನಗರದ ಕಡೆಗಾಲವನ್ನು, ಎಂದರೆ ೧೫೬೫ರ ಕಾಳಗದ ಹಿಂದುಮುಂದಿನ ದಿನಗಳನ್ನು, ನಾಟಕವಾಗಿ ಆಡಬೇಕೆಂದು ಸಂಕಲ್ಪಿಸಿದರು. ತಾಲೀಮಿಗೆಂದು ಬಾಡಿಗೆಗೆ ತರಿಸಿದ ಉಡುಪುಗಳಲ್ಲಿ ಬೆಳ್ಳಿಬಣ್ಣ ಬಳಿದ ತಗಡಿನ ಎದೆಗಟ್ಟುಗಳಿದ್ದುವು. ಅವುಗಳ ಮೇಲೆ ರೋಮನ್ ದಳಪತಿಯ ಮಾಂಸಖಂಡಗಳನ್ನು ಉಬ್ಬಿಸಿ ತೋರಿಸಿದ್ದಿತು. ಅಳಿಯ ರಾಮರಾಯನ ಸೈನಿಕರು ಜೂಲಿಯಸ್ ಸೀಜರನ ಮೈಯನ್ನು ತೊಟ್ಟು ರಂಗಕ್ಕೆ ಬರುವುದು ಎಷ್ಟರಮಟ್ಟಿಗೆ ಯುಕ್ತವೆಂದು ನಾನು ಸಭೆಯಲ್ಲಿ ಕೇಳಿದೆನು. ನಮ್ಮ ಕಡೆಯ ಸಭೆಗಳಲ್ಲಿ ಆಕ್ಷೇಪಣೆಯನ್ನು ಎತ್ತಿದವನ ಹೆಸರನ್ನೇ ಆ ಕೆಲಸದ ಮುಂದೆ ಬರೆದುಕೊಳ್ಳುವ ಸಂಪ್ರದಾಯವುಂಟಷ್ಟೆ, ಹಾಗೆಯೇ ಆಯಿತು.

ನಾನು ಮಾಡಿದ ಮೊದಲ ಕೆಲಸವೇ ಮೊದಲ ತಪ್ಪು. ಡೆಹರಾಡೂನ, ಮೊರಾದಾಬಾದ ಮುಂತಾದ ಉತ್ತರದ ಊರುಗಳಲ್ಲಿ ಪರದೇಶದ ಚಲಚ್ಚಿತ್ರದವರಿಗೂ ಹವ್ಯಾಸಿಗಳಿಗೂ ಶಿರಸ್ತ್ರಾಣ, ಸರಪಳಿಯಂಗಿ ಮೊದಲಾದುವನ್ನು ರಾಶಿಗಟ್ಟಲೆ ಮಾಡಿ ಹಡಗಿಗೇರಿಸುವ ಕಸುಬುಂಟೆಂದು ಕೇಳಿಬಲ್ಲೆನಾದುದರಿಂದ, ಅತ್ತಣ ವ್ಯಾಪಾರಿಯೊಬ್ಬನಿಗೆ ಮಧ್ಯಯುಗದ ಒಂದು ಕವಚ, ಒಂದು ಶಿರಸ್ತ್ರಾಣ ಬೇಕೆಂದು ತಿಳಿಸಿ ಹಣ ಕಳುಹಿಸಿದೆನು. ಪೆಟ್ಟಿಗೆಯನ್ನು ಬಿಚ್ಚಿದಾಗ ಒಳಗಿದ್ದುದು ಮೂಗಿನ ಮೇಲೆ ಶಿಲುಬೆಯ ಗುರುತು ಕೊರೆದ, ಕಣ್ಣಿಗೆರಡು ಸೀಳುಗಳಿದ್ದ, ಡಬ್ಬಿಯಾಕಾರದ ಯೂರೋಪಿನ ನೈಟನ ಟೊಪ್ಪಿಗೆ. ಜತೆಗಿದ್ದ ಸರಪಳಿಯಂಗಿಯ ಬಳೆಗಳ ತುದಿಗಳನ್ನು ಬರಿದೆ ಒಂದಕ್ಕೊಂದು ತಾಗಿಸಿ ಬಿಟ್ಟಿದ್ದರು. ನನ್ನ ಮೊಮ್ಮಗನು ಅದನ್ನು ತೊಟ್ಟು ಒಮ್ಮೆ ಕೈಯೆತ್ತಿದಾಗ ಕಂಕುಳಲ್ಲಿ ಹತ್ತಾರು ಬಳೆಗಳು ಬಾಯಿಬಿಟ್ಟು ಉದುರಿದುವು. ವ್ಯಾಪಾರಿಯನ್ನು ಬೈಯುವ ಮೊದಲು ನನ್ನ ಪತ್ರವನ್ನು ಮತ್ತೊಮ್ಮೆ ಓದಿದೆನು. ತಪ್ಪಿನಲ್ಲಿ ಅರ್ಧ ನನ್ನದೇ. ಮಧ್ಯಯುಗವೆಂಬ ಮಾತನ್ನು ನಾವು ಪರದೇಶದ ಚರಿತ್ರೆಯಿಂದ ಎರವಲು ತಂದುದು. ಅದನ್ನೇ ಹೇಳಿ ಕೇಳಿದವನಿಗೆ ಪರದೇಶದ ಮಧ್ಯಯುಗವೇ ದೊರಕಿತು.

ಬಳಿಕ, ಮಾಡಿಸುವುದಕ್ಕಿಂತ ಮುಂಚೆ ಮಾಡಬೇಕಾಗಿದ್ದ ಕೆಲಸಕ್ಕೆ ತೊಡಗಿದೆನು. ಹಂಪಿಗೆ ಹೋಗಿ ಮಹಾನವಮಿ ದಿಬ್ಬದ ಪಟ್ಟಿಕೆಗಳನ್ನೂ ಹಜಾರರಾಮನ ಗುಡಿಯ ಹೊರಗೋಡೆಯ ಕುದುರೆಸಾಲುಗಳನ್ನೂ ಎರಡು ದಿನ ನೋಡಿದೆನು. ಶಿಲ್ಪಿಯು ಆಕಾರವನ್ನು ಹೇಳುತ್ತಾನೆ, ತೂಕವನ್ನು ಹೇಳುವುದಿಲ್ಲ. ಕಲ್ಲಿನಲ್ಲಿ ಅರಿವೆಯೂ ತೊಗಲೂ ಉಕ್ಕೂ ಒಂದೇ. ಸುಮಾರು ೧೫೨೦ರಲ್ಲಿ ಕೃಷ್ಣದೇವರಾಯನ ರಾಜಧಾನಿಯನ್ನು ಕಂಡ ಪೋರ್ಚುಗೀಸ ಯಾತ್ರಿಕ ಡೊಮಿಂಗೋ ಪಾಯಸನ ಬರಹವು, ೧೯೦೦ರಲ್ಲಿ ರಾಬರ್ಟ್ ಸೆವೆಲ್ ಪ್ರಕಟಿಸಿದ ಗ್ರಂಥದ ಮೂಲಕ ನಮಗೆ ದೊರೆತುದು, ಈ ಕೊರತೆಯನ್ನು ತುಂಬಿತು. ಅಲ್ಲಿಯ ಸೈನಿಕರು ಪದರುಪದರಾಗಿ ಹೊಲಿದ ದಪ್ಪ ಅಂಗಿಗಳನ್ನು ತೊಡುತ್ತಿದ್ದರೆಂದೂ, ಆ ಪದರುಗಳಲ್ಲಿ ಗಟ್ಟಿಯಾದ ಹಸಿದೊಗಲನ್ನು ಬಳಸುತ್ತಿದ್ದರೆಂದೂ, ಬಲಕ್ಕಾಗಿ ಕಬ್ಬಿಣದ ಹಲಗೆಗಳನ್ನು ಸೇರಿಸುತ್ತಿದ್ದರೆಂದೂ, ಅವರ ತಲೆಯ ಕಾಪಿಗೆ ಕುತ್ತಿಗೆಯನ್ನು ಮುಚ್ಚುವ ಅಂಚು ಇರುತ್ತಿತ್ತೆಂದೂ ಆತನು ಹೇಳುತ್ತಾನೆ. ಹೈದರಾಬಾದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದ ಗಾಜಿಗೆ ಮೂಗು ತಾಗಿಸಿ ನಿಂತು, ಸರಪಳಿಯಂಗಿಯಲ್ಲಿ ಒಂದೊಂದು ಬಳೆಯೂ ತನ್ನ ಸುತ್ತಣ ನಾಲ್ಕು ಬಳೆಗಳನ್ನು ಹಿಡಿದಿರುವ ಹೆಣಿಗೆಯನ್ನು ನೋಡಿ ಬಂದೆನು. ಇದಕ್ಕೂ ಹೆಚ್ಚು ನೋಡಬೇಕೆನ್ನುವವರು ಬಿಕಾನೇರಕ್ಕೆ ಹೋಗಬೇಕು: ೧೬೮೯ರಲ್ಲಿ, ನಮ್ಮ ಬಳ್ಳಾರಿಯ ಆಚೆಗಿರುವ ಆದವಾನಿಯ ಕೋಟೆ ಮೊಗಲರ ವಶವಾದಾಗ, ಅಲ್ಲಿಯ ಕವಚಗಳನ್ನು ಅನೂಪಸಿಂಹ ಮಹಾರಾಜನು ಮರುಭೂಮಿಯ ತನ್ನ ಊರಿಗೆ ಸಾಗಿಸಿಕೊಂಡು ಹೋದನು. ನನಗೆ ಅಷ್ಟು ದೂರದ ಪ್ರಯಾಣಕ್ಕೆ ಮೊಣಕಾಲಿನ ಅನುಮತಿ ದೊರೆಯಲಿಲ್ಲ.

ಈ ತಿಳಿವಳಿಕೆಯೊಡನೆ ಹುಬ್ಬಳ್ಳಿಗೆ ಮರಳಿ, ಕವಚ ಮಾಡುವವರು ಯಾರಾದರೂ ಇರುವರೇ ಎಂದು ಹದಿನೈದು ದಿನ ಅಲೆದೆನು. ಹಿಂದೆ ಆಯುಧಗಳನ್ನು ಮಸೆದು ಹೊಳಪಿಡುತ್ತಿದ್ದ ಶಿಕಲಗಾರರ ಮನೆತನದವರು ಈಗ ಅಡಿಗೆಮನೆಯ ಚಾಕು, ದರ್ಜಿಯ ಕತ್ತರಿಗಳಿಗೆ ಸಾಣೆ ಹಿಡಿಯುತ್ತಾರೆ. ಕಂಚಗಾರ ಗಲ್ಲಿಯಲ್ಲಿ ಹೆಚ್ಚಿನ ಅಂಗಡಿಗಳು ಹೊರಗಿನಿಂದ ಬಂದ ಪಾತ್ರೆಗಳನ್ನು ತೂಗಿ ಮಾರುತ್ತವೆ. ಕವಚ ಮಾಡುವವನೊಬ್ಬನೂ ಇಲ್ಲವೆಂದು ಕೈಚೆಲ್ಲಿ ಮನೆಯಲ್ಲಿ ಕುಳಿತಿದ್ದಾಗ ಹೊದೆದುಕೊಂಡಿದ್ದ ಕೌದಿಯ ಮೇಲೆ ಕಣ್ಣು ಹೋಯಿತು. ಪದರುಪದರಾಗಿ ಹೊಲಿದ ದಪ್ಪ ಅರಿವೆ! ಪಾಯಸನು ಬೆರಗಾಗಿ ವರ್ಣಿಸಿದ ವಸ್ತುವಿನ ತಳಹದಿಯನ್ನು ಧಾರವಾಡದ ಥಂಡಿಯಲ್ಲಿ ನಾನು ದಿನವೂ ಮೈಮೇಲೆ ಎಳೆದುಕೊಳ್ಳುತ್ತಿದ್ದೆನು. ಇಲ್ಲದ ಕವಚಗಾರನನ್ನು ಹುಡುಕುವುದನ್ನು ಅಂದೇ ಬಿಟ್ಟು, ಕವಚವನ್ನೇ ಬಿಡಿಬಿಡಿಯಾಗಿ ಬಿಚ್ಚಿ, ಯಾವ ಭಾಗವು ಇಂದು ಯಾರ ಕೈಯಲ್ಲಿ ಬೇರೆ ಹೆಸರಿನಿಂದ ಬದುಕಿದೆಯೆಂದು ಕೇಳತೊಡಗಿದೆನು.

ಅಮ್ಮಿನಬಾವಿಯ ಕಡೆ ಕೌದಿ ಹೊಲಿಯುವುದರಲ್ಲಿ ಹೆಸರಾದ ಒಬ್ಬ ಅಜ್ಜಿಯಿದ್ದಳು. ನಾನು ಬೆಂಗೇರಿಯಿಂದ, ರಾಷ್ಟ್ರಧ್ವಜದ ತಯಾರಿಕೆಗೆ ಹೆಸರಾದ ಅದೇ ಬೆಂಗೇರಿಯಿಂದ, ಹೊಸ ಖಾದಿಯನ್ನು ಕೊಂಡು ಅಭಿಮಾನದಿಂದ ಆಕೆಯ ಮುಂದಿಟ್ಟೆನು. ಆಕೆ ಅದನ್ನು ಬೆರಳುಗಳ ನಡುವೆ ಹೊಸಕಿ ನೋಡಿ ಪಕ್ಕಕ್ಕೆ ಸರಿಸಿದಳು. "ಹೊಸ ಅರಬಿ ತೊಳದ್ರ ಕುಗ್ಗತೈತಿ, ಒಳಗಿನ ಪದರ ಕುಗ್ಗೂದಿಲ್ಲ, ಗಂಟ ಬೀಳತೈತಿ ನೋಡ ಮಾಸ್ತರ. ಹಳೇ ಧೋತರ ತಾ." ನೂರು ಸಲ ಒಗೆದ ಧೋತರವು ಹಗುರಾಗಿ ಮೆತ್ತಗಾಗುವುದರಿಂದ ಅದೇ ದಪ್ಪದಲ್ಲಿ ಹೆಚ್ಚು ಪದರುಗಳು ಕೂಡುತ್ತವೆ, ಹೊಲಿಗೆ ಬಿಗಿದಾಗ ಹಲಗೆಯಂತೆ ಒತ್ತರಿಸಿಕೊಳ್ಳುತ್ತವೆ ಎಂಬುದನ್ನು ಆಕೆ ವಿವರಿಸಲಿಲ್ಲ, ತನ್ನ ಮನೆಯ ಕೌದಿಯೊಂದರ ಮೂಲೆಯನ್ನು ನನ್ನ ಕೈಗೆ ಕೊಟ್ಟು, "ಹಿಚುಕು" ಎಂದಳಷ್ಟೆ. ನಮ್ಮ ಓಣಿಯ ನಾಲ್ಕು ಮನೆಗಳಿಂದ ಹಳೆಯ ಧೋತರಗಳನ್ನು ಕೂಡಿಸಿದೆನು. ಎಷ್ಟು ಪದರು ಎಂದು ನಾನು ಕೇಳಿದುದಕ್ಕೆ, "ದಬ್ಬಳ ಹೋಗೂ ಮಟ" ಎಂದಳು. ಹನ್ನೊಂದನೆಯ ಪದರಿಗೆ ದಬ್ಬಳ ಬಾಗಿತು, ಹತ್ತಕ್ಕೆ ನಿಲ್ಲಿಸಿದೆವು.

ಇಲ್ಲಿ ನಾನು ನನ್ನ ಎರಡನೆಯ ದೊಡ್ಡ ತಪ್ಪನ್ನು ಮಾಡಿದೆನು, ಅದೂ ನಾನೊಬ್ಬ ಲೆಕ್ಕಾಚಾರದ ಮನುಷ್ಯನೆಂಬ ಹೆಮ್ಮೆಯಿಂದ. ದಳಪತಿಯ ಪಾತ್ರಧಾರಿ ಹುಡುಗನ ಅಳತೆಯನ್ನು ದರ್ಜಿಯಿಂದ ತೆಗೆಸಿ, ಎದೆ, ಬೆನ್ನು, ತೋಳುಗಳ ತುಂಡುಗಳನ್ನು ಮೊದಲೇ ಕತ್ತರಿಸಿ ಅಜ್ಜಿಗೆ ಒಪ್ಪಿಸಿದೆನು. ಆಕೆ, "ಮೊದಲ ಹೊಲಿಯೂದು, ಆಮ್ಯಾಲೆ ಕತ್ತರಸೂದು" ಎಂದು ಒಂದು ಸಲ ಹೇಳಿದಳು; ನಾನು ಕೇಳದಿದ್ದಾಗ ಎರಡನೆಯ ಸಲ ಹೇಳಲಿಲ್ಲ. ಒಂದು ಬೆರಳಿಗೊಂದರಂತೆ ಅಂಚಿನಿಂದ ನಡುವಿನತ್ತ ಸುತ್ತುಸುತ್ತಾಗಿ ಸಾಲುಟಾಕಾ ಹಾಕುತ್ತ ಹೋದಂತೆ ಒಂದೊಂದು ಹೊಲಿಗೆಯೂ ಅರಿವೆಯನ್ನು ಎಳ್ಳಷ್ಟು ಒಳಗೆಳೆದು, ಮೂರು ವಾರಗಳ ತರುವಾಯ ಅಂಗಿಯ ಸುತ್ತಳತೆಯು ಹೆಚ್ಚುಕಡಿಮೆ ಒಂದು ಗೇಣು ಕಡಿಮೆಯಾಗಿ, ಹುಡುಗನು ಅದನ್ನು ತೊಟ್ಟಾಗ ಅವನ ಕೈಗಳು ಬೆದರುಗೊಂಬೆಯ ಕೈಗಳಂತೆ ಅಡ್ಡಕ್ಕೆ ನಿಂತುವು. ಕತ್ತಿಯೆತ್ತುವುದಿರಲಿ, ಅವನಿಂದ ಮೂಗನ್ನು ತುರಿಸಿಕೊಳ್ಳುವುದೂ ಆಗಲಿಲ್ಲ. ಅಜ್ಜಿಯ ಮೂರು ವಾರದ ಕೂಲಿಯನ್ನು ಪೂರ್ತಿಯಾಗಿ ಕೊಟ್ಟು, ಮತ್ತೆ ಮೊದಲಿನಿಂದ, ಈ ಸಲ ಎರಡು ದೊಡ್ಡ ಕೌದಿಗಳನ್ನೇ ಹೊಲಿಸಿ, ಅವುಗಳಿಂದ ತುಂಡುಗಳನ್ನು ಕತ್ತರಿಸಿ ಅಂಚುಗಟ್ಟಿಸಿದೆವು. ಚಿಕ್ಕದಾದ ಮೊದಲ ಅಂಗಿಯು ನಮ್ಮ ಮನೆಯಲ್ಲಿದೆ. ಬೆಕ್ಕು ಅದರ ಮೇಲೆ ಮಲಗುತ್ತದೆ.

ಶಿರಸ್ತ್ರಾಣದ ವಿಷಯದಲ್ಲಿ ನನಗೆ ದಾರಿ ತೋರಿದವರು ಕಂಚಗಾರ ಗಲ್ಲಿಯಲ್ಲಿ ಇನ್ನೂ ಸುತ್ತಿಗೆಯನ್ನು ಬಿಡದ ಒಬ್ಬ ಹಿರಿಯರು. ನಾನು ತೋರಿಸಿದ ಚಿತ್ರವನ್ನು ಅವರು ತಲೆಕೆಳಗು ಹಿಡಿದು ನೋಡಿದರು, ನಾನು ತಿದ್ದಲು ಕೈ ಚಾಚಿದಾಗ, "ಇರ್ಲಿ ಬಿಡ್ರಿ, ಹಿಂಗ ನೋಡಿದ್ರನ ತಿಳಿಯೂದು, ಇದು ಬೋರಲ ಹಾಕಿದ ಕಡಾಯಿ ಅಲ್ಲೇನ್ರಿ?" ಎಂದರು. ತಾವು ತಾಮ್ರ ಹಿತ್ತಾಳೆಗಳನ್ನಲ್ಲದೆ ಕಬ್ಬಿಣವನ್ನು ಮುಟ್ಟುವುದಿಲ್ಲವೆಂದೂ, ಹಳೇ ಹುಬ್ಬಳ್ಳಿಯಲ್ಲಿ ಮಿಠಾಯಿಯವರಿಗೂ ಮಿರ್ಚಿಭಜಿಯವರಿಗೂ ಕಡಾಯಿ ಬಡಿದುಕೊಡುವವರ ಬಳಿಗೆ ಹೋಗಬೇಕೆಂದೂ ಹೇಳಿದರು. ನಾನು ಹೋಗಿ ಕೇಳಿದಾಗ ಆ ಕಡಾಯಿಯವರು ನಕ್ಕರು, ಆದರೆ ಒಲ್ಲೆನೆನ್ನಲಿಲ್ಲ. ೧೮ ಗೇಜಿನ ತಗಡನ್ನು ಬಿಲ್ಲೆಯಾಗಿ ಕತ್ತರಿಸಿ, ಹುಣಸೆಯ ಕೊರಡಿನಲ್ಲಿ ತೋಡಿದ ಗುಣಿಯ ಮೇಲಿಟ್ಟು, ಉಂಡೆಮೂತಿಯ ಸುತ್ತಿಗೆಯಿಂದ ಅಂಚಿನಿಂದ ನಡುವಿಗೆ ಸುರುಳಿಯಾಗಿ ಬಡಿಯುತ್ತ, ಅದು ಪೆಡಸಾದಾಗ ಕೆಂಡದಲ್ಲಿ ಕೆಂಪಗೆ ಕಾಯಿಸಿ ತನ್ನಷ್ಟಕ್ಕೆ ತಣಿಯಬಿಟ್ಟು, ಮತ್ತೆ ಬಡಿದು, ನಾಲ್ಕು ದಿನಗಳಲ್ಲಿ ಒಂದು ಸುಂದರವಾದ ಅರ್ಧಗೋಳವನ್ನು ಮಾಡಿಟ್ಟರು. ತಗಡಿನಲ್ಲಿ ಎಲ್ಲಿಯೂ ಒಂದು ಸೀಳಿಲ್ಲ, ಒಂದು ಸುಕ್ಕಿಲ್ಲ. ನಾನು ಹಿಗ್ಗಿದೆನು.

ಆದರೆ ಹುಡುಗನ ತಲೆಯ ಮೇಲೆ ಅದು ಹಣೆಯಲ್ಲಿ ಒತ್ತಿ ಕಿವಿಗಳ ಬಳಿ ಅಲುಗಾಡಿತು. ಮನುಷ್ಯನ ತಲೆ ದುಂಡಗಿಲ್ಲ. ಮುಂದಿನಿಂದ ಹಿಂದಕ್ಕೆ ಉದ್ದ, ಕಿವಿಯಿಂದ ಕಿವಿಗೆ ಗಿಡ್ಡ. ಕಡಾಯಿ ದುಂಡಗಿರುತ್ತದೆ, ಚಿತ್ರದಲ್ಲಿ ಎದುರುಮುಖ ಮಾತ್ರ ಇತ್ತು. ನಾನು ಪಕ್ಕದಿಂದ ಇನ್ನೊಂದು ಚಿತ್ರ ಬರೆಸಿ ತರುತ್ತೇನೆಂದಾಗ ಅವರು ಸುತ್ತಿಗೆಯನ್ನು ಕೆಳಗಿಟ್ಟು, "ಚಿತ್ರ ಬ್ಯಾಡ್ರಿ ಸರ. ತಲಿ ತರ್ರಿ" ಎಂದರು. ಮರುದಿನ ಹುಡುಗನನ್ನು ಕರೆದೊಯ್ದೆನು. ಅವರು ಅವನನ್ನು ಕೊರಡಿನ ಪಕ್ಕದಲ್ಲಿ ಕೂರಿಸಿ, ಮೆತ್ತಗಿನ ತಂತಿಯೊಂದನ್ನು ಹಣೆಯಿಂದ ಹಿಂದಲೆಗೆ, ಕಿವಿಯಿಂದ ಕಿವಿಗೆ ಬಾಗಿಸಿ ಎತ್ತಿ, ಆ ಬಾಗುಗಳನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿಕೊಂಡು, ಒಳಗೆ ಕುಲಾವಿ ಹಾಕುತ್ತಾನೋ ಇಲ್ಲವೋ ಎಂದು ಕೇಳಿ, ಹಾಕುತ್ತಾನೆಂದಾಗ ಎರಡು ಬೆರಳಿನಷ್ಟು ಹೊರಗೆ ಇನ್ನೊಂದು ಗೆರೆಯೆಳೆದರು. ಆಮೇಲೆ ಕೇಳಿದ ಪ್ರಶ್ನೆಯನ್ನು ಅದುವರೆಗೆ ನನಗೆ ಯಾರೂ ಕೇಳಿರಲಿಲ್ಲ: "ಹಾಕ್ಕೊಂಡು ಏನ ಮಾಡತಾನ್ರಿ, ನಿಂದರತಾನೋ, ಓಡ್ಯಾಡತಾನೋ, ಬೀಳತಾನೋ?" ಮೂರನೆಯ ಅಂಕದಲ್ಲಿ ಬೀಳುತ್ತಾನೆಂದೆನು. ಹಾಗಾದರೆ ಕತ್ತಿನ ಹಿಂದಣ ಅಂಚನ್ನು ಒಳಕ್ಕೆ ಮಡಚಬೇಕು, ಇಲ್ಲವಾದರೆ ಬಿದ್ದಾಗ ಕುತ್ತಿಗೆಯನ್ನು ಕೊರೆಯುತ್ತದೆ ಎಂದರು. ಅಂದಿನಿಂದ ನಾನು ಕೆಲಸಗಾರರನ್ನು ಆರಿಸುವಾಗ ಅವರು ಮಾಡಿದ ಸಾಮಾನನ್ನು ನೋಡುವ ಮೊದಲು ಅವರು ಕೇಳುವ ಮೊದಲ ಪ್ರಶ್ನೆಗಾಗಿ ಕಾಯುತ್ತೇನೆ. ಬೆಲೆಯನ್ನು ಮೊದಲು ಕೇಳಿದವರೊಡನೆ ನನ್ನ ವ್ಯವಹಾರ ಒಂದೂ ನೆಟ್ಟಗಾಗಲಿಲ್ಲ.

ಸರಪಳಿಯಂಗಿಯ ಕಥೆಯಲ್ಲಿ ಕೂಲಿಯ ಪಾಠವಿದೆ. ೧೬ ಗೇಜಿನ ತಂತಿಯನ್ನು ೮ ಮಿಲಿಮೀಟರಿನ ಸರಳಿಗೆ ಸುತ್ತಿ ಕತ್ತರಿಸಿದರೆ ಬರುವ ಒಂದೊಂದು ಬಳೆಗೆ ಸುಮಾರು ೩ ಸೆಂಟಿಮೀಟರು ತಂತಿ ಬೇಕು. ತೊಡೆಯವರೆಗಿನ ಅಂಗಿಗೆ ೨೨,೦೦೦ ಬಳೆಗಳೆಂದು ಅಂದಾಜು ಮಾಡಿದರೆ ತಂತಿ ೬೬೦ ಮೀಟರು, ತೂಕ ಹತ್ತು ಕಿಲೋದ ಮೇಲೆ. ರೇಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಫಿಟರ್ ಮಿತ್ರರೊಬ್ಬರು ಸುತ್ತುವುದಕ್ಕೆ ಹಿಡಿಕೆಯುಳ್ಳ ಒಂದು ಯಂತ್ರವನ್ನು ಒಂದೇ ಸಂಜೆಯಲ್ಲಿ ಮಾಡಿಕೊಟ್ಟರು. ಹೆಣೆಯಲು ಯಾರು? ಬೆಳ್ಳಿಯ ಕಾಲುಚೈನು, ಡಾಬುಗಳ ಕೊಂಡಿಗಳನ್ನು ದಿನವಿಡೀ ಜೋಡಿಸುವ ಒಬ್ಬ ಪತ್ತಾರ ತರುಣನು ಹೆಣಿಗೆಯನ್ನು ನೋಡಿದೊಡನೆ ಗ್ರಹಿಸಿದನು. ತೂಕದ ಮೇಲೆ ಕೂಲಿ ಅವನ ಕಸುಬಿನ ವಾಡಿಕೆ. ಹಾಗೆ ಕೊಟ್ಟರೆ ದಪ್ಪ ತಂತಿಯನ್ನು ಬಳಸಿಯಾನೆಂದು ನಾನು ಬುದ್ಧಿವಂತಿಕೆಯಿಂದ ಇಡೀ ಅಂಗಿಗೆ ಇಷ್ಟೆಂದು ಗುತ್ತಿಗೆ ಮಾತನಾಡಿದೆನು. ಅವನು ೮ರ ಬದಲು ೧೦ ಮಿಲಿಮೀಟರಿನ ಸರಳಿಗೆ ಸುತ್ತಿದನು. ಬಳೆ ದೊಡ್ಡದಾದಷ್ಟೂ ಎಣಿಕೆ ಕಡಿಮೆ, ಕೆಲಸ ಬೇಗ. ಅಂಗಿಯು ಹಗುರಾಗಿ ಬಂದಿತು. ಆದರೆ ಹೆಣಿಗೆ ಸಡಿಲವಾಗಿ ಮೀನಿನ ಬಲೆಯಂತೆ ಜೋಲಾಡಿತು, ಬಳೆಗಳು ಬೆರಳಿನಿಂದ ಎಳೆದರೂ ಬಾಯಿಬಿಡುತ್ತಿದ್ದುವು. ಅವನು ಮೋಸ ಮಾಡಿದನೆಂದು ಹೇಳಲಾರೆ, ಏಕೆಂದರೆ ಬಳೆಯ ಒಳಗಣ ಅಳತೆಯನ್ನು ನಾನು ಚೀಟಿಯಲ್ಲಿ ಬರೆದೇ ಇರಲಿಲ್ಲ. ಎರಡನೆಯ ಸಲ ಒಂದು ಅಂಗೈಯಗಲದ ಮಾದರಿಯನ್ನು ಇಬ್ಬರೂ ಕೂಡಿ ಒಪ್ಪಿ, ಅದನ್ನು ಅವನ ಅಂಗಡಿಯ ಮೊಳೆಗೆ ತೂಗುಹಾಕಿ, ನೂರು ಬಳೆಗೆ ಇಷ್ಟೆಂದು ಕೂಲಿ ಗೊತ್ತುಮಾಡಿದೆವು.

ಕೊರಳಿನ ಪಟ್ಟಿಯನ್ನಾದರೂ ಪ್ರಾಚೀನರ ಕ್ರಮದಲ್ಲಿ, ಬಳೆಯ ಎರಡು ತುದಿಗಳನ್ನು ಚಪ್ಪಟೆಯಾಗಿ ಬಡಿದು, ಒಂದರ ಮೇಲೊಂದನ್ನು ಕೂರಿಸಿ, ತೂತು ಹಾಕಿ, ಸಾಸಿವೆಯಷ್ಟು ಚಿಕ್ಕ ರಿವೆಟಿನಿಂದ ಮುಚ್ಚಬೇಕೆಂದು ಕೇಳಿಕೊಂಡೆನು. ನಾಲ್ಕು ಬೆರಳಗಲದ ತುಂಡಿಗೆ ಎರಡು ದಿನ ಹಿಡಿಯಿತು. ಮೂರನೆಯ ದಿನ ಅವನು ಕಣ್ಣಿನ ಮಸೂರವನ್ನು ತೆಗೆದಿಟ್ಟು, ಇಡೀ ಅಂಗಿಯನ್ನು ಹೀಗೆ ಮಾಡಿದವನಿಗೆ ಅರಸನು ಏನು ಕೊಡುತ್ತಿದ್ದನೆಂದು ಕೇಳಿದನು. ಮೂವತ್ತು ವರ್ಷ ಕಾವ್ಯಗಳ ಯುದ್ಧವರ್ಣನೆಯನ್ನು ಓದಿದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಕವಿಗಳು ಜೋಡು ತೊಟ್ಟವನನ್ನು ಹಾಡಿದರು, ಮಾಡಿದವನ ಕೂಲಿಯನ್ನು ಬರೆಯಲಿಲ್ಲ.

ತೊಗಲಿನ ಕೆಲಸವು, ನಂಬರು ಕೇಳಿದ ಆ ಹಿರಿಯರ ದೆಸೆಯಿಂದ, ಎಲ್ಲಕ್ಕಿಂತ ಸುಲಭವಾಗಿ ಮುಗಿಯಿತು. ಪೇಟೆಯಲ್ಲಿ ಸಿಗುವ ಮೆತ್ತನೆಯ ತೊಗಲು ಬೇಡವೆಂದೂ, ಕೊಲ್ಹಾಪುರಿ ಚಪ್ಪಲಿಗೆಂದು ಅಥಣಿ, ನಿಪ್ಪಾಣಿಗಳ ಕಡೆ ತೊಗಟೆ ಹಾಗೂ ಅಳಲೆಕಾಯಿಗಳಿಂದ ಹದ ಮಾಡಿದುದೇ ಆಗಬೇಕೆಂದೂ ಹೇಳಿ ಅವರೇ ತರಿಸಿದರು. ಕಬ್ಬಿಣದ ಹಲಗೆಗಳನ್ನು ಅದಕ್ಕೆ ಬಿಗಿದು ಕೌದಿಯಂಗಿಯ ಎದೆಗೆ ಕೂರಿಸಿದರು. ಗುರಾಣಿಗಳಿಗೆ ದೊಡ್ಡಾಟದವರ ಹಗುರು ಸಾಮಾನೇ ಸಾಕಾಯಿತು. ಖಡ್ಗಕ್ಕೆ ಅಲಗು ಬೇಕೆಂದು ಹುಡುಗರು ಹಟ ಹಿಡಿದರು. ಶಸ್ತ್ರಾಸ್ತ್ರ ಕಾಯಿದೆಯ ಹೆಸರು ಹೇಳಿ ಮರದ ಖಡ್ಗಗಳನ್ನು ಕೊಟ್ಟೆನು.

ಸಂಚಕಾರ ಕೊಟ್ಟೊಡನೆ ಕೆಲಸಗಾರನು ನಮ್ಮವನಾದನೆಂದು ತಿಳಿಯುವುದು ನನ್ನಂಥ ಪುಸ್ತಕದ ಜನರ ಭ್ರಮೆ. ಅವನ ವರ್ಷವು ನಮ್ಮ ಪಂಚಾಂಗದಂತೆ ನಡೆಯುವುದಿಲ್ಲ. ಮುಂಗಾರಿನ ಮೊದಲು ಕಂಬಾರನ ಕುಲುಮೆ ರೈತರದು. ಲಗ್ನಸರಾಯಿಯಲ್ಲಿ ಪತ್ತಾರನು ಮದುಮಗಳ ಕೊರಳಿಗೆ ಸೇರಿದವನು. ದೀಪಾವಳಿಯ ಮುಂದೆ ಕಡಾಯಿಯವರ ಬಳಿ ಸೀಸಕದ ಮಾತೆತ್ತಿದರೆ ಅವರು ಮಿಠಾಯಿಯಂಗಡಿಗಳ ಹೆಸರು ಹೇಳಿ ಕೈಮುಗಿಯುತ್ತಾರೆ. ನಮ್ಮ ನಾಟಕವು ಎರಡು ಸಲ ಮುಂದಕ್ಕೆ ಹೋಯಿತು. ಸಮಿತಿಯವರು ನನ್ನ ಮೇಲೆ ಸಿಡುಕಿದರು, ನಾನು ಯಾರ ಮೇಲೂ ಸಿಡುಕಲಿಲ್ಲ. ಹಳೇ ಹುಬ್ಬಳ್ಳಿಗೆ ಹೋಗಿ ಕೊರಡಿನ ಪಕ್ಕದಲ್ಲಿ ಕುಳಿತು ಚಹಾ ಕುಡಿದು ಬರುತ್ತಿದ್ದೆನು, ಹಾಗೆ ಕುಳಿತ ದಿನ ಎರಡು ತಾಸಿನ ಕೆಲಸವಾದರೂ ಮುಂದೆ ಸಾಗುತ್ತಿತ್ತು.

ಕೊನೆಯ ತಾಲೀಮಿನ ದಿನ ಹುಡುಗನು ಕೌದಿಯಂಗಿಯ ಮೇಲೆ ಸರಪಳಿಯನ್ನು ತೊಟ್ಟು ಅರ್ಧ ತಾಸು ನಿಂತು, ಹೆಗಲು ಹರಿಯುತ್ತಿವೆಯೆಂದನು. ಫಿಟರ್ ಮಿತ್ರರು ಎದ್ದುಹೋಗಿ ಅವನ ನಡುವಿಗೊಂದು ಅಗಲವಾದ ಪಟ್ಟಿಯನ್ನು ಬಿಗಿದು, ಮೇಲಣ ಸರಪಳಿಯನ್ನು ಒಂದಿಷ್ಟು ಎತ್ತಿ ಪಟ್ಟಿಯ ಮೇಲೆ ಜೋತುಬೀಳುವಂತೆ ಬಿಟ್ಟಾಗ ಅರ್ಧ ಭಾರವು ಸೊಂಟಕ್ಕಿಳಿಯಿತು. ನಾಟಕದ ರಾತ್ರಿ ಕಡಾಯಿಯವರು ಮನೆಮಂದಿಯೊಡನೆ ಬಂದು ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಮೂರನೆಯ ಅಂಕದಲ್ಲಿ ಹುಡುಗನು ಬೀಳುವಾಗ ಸಭೆಯೆಲ್ಲ ಅವನ ಮುಖವನ್ನು ನೋಡುತ್ತಿತ್ತು. ಅವರೊಬ್ಬರು ಮಾತ್ರ ಕುರ್ಚಿಯಿಂದ ಅರ್ಧ ಎದ್ದು ಅವನ ಕುತ್ತಿಗೆಯ ಹಿಂಭಾಗವನ್ನು ನೋಡುತ್ತಿದ್ದರು.

ಈಗ ಬೆಳಗಾವಿಯವರು ಆ ನಾಟಕವನ್ನು ಅಲ್ಲಿಯೂ ಆಡಬೇಕೆಂದು ಕರೆದಿದ್ದಾರೆ. ದಳಪತಿಯ ಪಾತ್ರಕ್ಕೆ ಬೇರೆ ಹುಡುಗನು ಬಂದುದರಿಂದ ಇನ್ನೊಂದು ಸೀಸಕ ಬೇಕಾಗಿ, ಕಳೆದ ವಾರ ಕಡಾಯಿಯವರಿಗೆ ಫೋನು ಮಾಡಿದೆನು. ಹಿಂದಿನ ಅಳತೆಯೆಲ್ಲ ನನ್ನ ಬಳಿ ಬರೆದಿದೆ, ಚಿತ್ರವೂ ಇದೆ, ನಾಳೆ ತರುತ್ತೇನೆಂದೆನು.

"ತಲಿ ಅದ ಐತೇನ್ರಿ?"

ಇಲ್ಲ, ಬೇರೆಯವನದು ಎಂದೆನು.

"ಹಂಗಾರ ಆ ಹುಡುಗನ್ನ ಕಳಸ್ರಿ ಸರ. ನೀವು ಬರೂದು ಬ್ಯಾಡ."